ಕಥೆ ಬರೆದಾಯ್ತು, ಎಲ್ಲಿ ಹಾಕಬೇಕು? ಹೊಸ ಬರಹಗಾರರಿಗೆ ಜಾಲತಾಣ ಮತ್ತು ಬಳಗಗಳ ಸಮಗ್ರ ಮಾರ್ಗದರ್ಶಿ

ಬಾಗಲಕೋಟೆಯ ನವನಗರದಲ್ಲಿ ನಾನು ಪಿಯುಸಿ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಹೋದ ವರ್ಷ ದಸರಾ ರಜೆ ಮುಗಿದ ಮರುದಿನ ಇಳಕಲ್ ಕಡೆಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಕೈಯಲ್ಲಿ ನಾಲ್ಕು ಹಾಳೆ. "ಸರ, ಕಥಿ ಒಂದು ಬರದೀನ್ರಿ. ಎಲ್ಲಿ ಹಾಕ್ಬೇಕ್ರಿ?"

"ಹಾಕೂದು ಆಮೇಲ ನೋಡೂಣ ತಂಗಿ. ಮೊದಲ ಯಾರಿಗರೆ ಓದಾಕ ಕೊಟ್ಟಿಯೇನು?" ಅಂದೆ. ಇಲ್ಲ ಅಂತ ತಲೆಯಾಡಿಸಿದಳು.

ಅವಳ ವಯಸ್ಸು ದಾಟಿದ ಸ್ವಲ್ಪ ದಿನಕ್ಕೇ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಓಡಾಡಿದ್ದೆ. ಮುಳುಗಡೆಯಲ್ಲಿ ಹೋದ ನಮ್ಮ ಮನೆಯ ಮೇಲೆ ಒಂದು ಕಥೆ ಬರೆದಿದ್ದೆ. ಆಲಮಟ್ಟಿ ಹಿನ್ನೀರು ಬರುತ್ತದೆ ಅಂತ ಓಣಿಗೆ ಓಣಿಯೇ ಖಾಲಿಯಾಗುವಾಗ ಅಜ್ಜ ತಲಬಾಗಿಲಿನ ಚೌಕಟ್ಟು ಕಿತ್ತು ಚಕ್ಕಡಿಗೆ ಹೇರಿದ ಕಥೆ. ಬರೆದ ರಾತ್ರಿಯೇ ಫೇಸ್‌ಬುಕ್‌ನಲ್ಲಿ ಹಾಕಿಬಿಟ್ಟೆ. ಲೈಕ್ ಬಂದವು, "ಸೂಪರ್" ಬಂದವು. ಮುಂದಿನ ವರ್ಷ ಅದನ್ನೇ ತಿದ್ದಿ ಒಂದು ಕಥಾ ಸ್ಪರ್ಧೆಗೆ ಕಳಿಸಿದೆ. ಕೊನೆಯ ಸುತ್ತಿನ ತನಕ ಹೋಗಿತ್ತಂತೆ. ಆಮೇಲೆ ಫೋನ್ ಬಂತು: "ಇದು ಈಗಾಗಲೇ ಪ್ರಕಟ ಆಗಿದೆಯಲ್ಲ?" ನಿಯಮದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಬ್ಲಾಗ್, ಫೇಸ್‌ಬುಕ್ ಸೇರಿ ಎಲ್ಲೂ ಪ್ರಕಟವಾಗಿರಬಾರದು ಅಂತ. ನಾನು ಓದಿರಲಿಲ್ಲ. ಆ ನೋವು ಇನ್ನೂ ಹೋಗಿಲ್ಲ.

ಅದಕ್ಕೇ ಇಲ್ಲಿ ಜಾಲತಾಣಗಳನ್ನು ಸುಮ್ನೆ ಪಟ್ಟಿ ಮಾಡುತ್ತಿಲ್ಲ. ಬರಹ ಯಾವ ಹಂತದಲ್ಲಿದ್ದಾಗ ಯಾವುದರ ಬಾಗಿಲು ತಟ್ಟಬೇಕು ಅನ್ನೋ ಕ್ರಮದಲ್ಲಿ ಹೇಳುತ್ತೇನೆ. ಕ್ರಮ ತಪ್ಪಿದರೆ ನನಗಾದದ್ದೇ ನಿಮಗೂ ಆಗುತ್ತದೆ. ವಿಳಾಸ ಬೇರೆ ಕೊಟ್ಟಿಲ್ಲ. ಹೆಸರನ್ನು ಕನ್ನಡದಲ್ಲೇ ಗೂಗಲ್‌ಗೆ ಕೊಡಿ, ಸಿಗುತ್ತದೆ.

ಹೆಜ್ಜೆ 1: ಯುನಿಕೋಡ್‌ನಲ್ಲಿ ಟೈಪ್ ಮಾಡಿ

ಫೋನ್ ಇದ್ದರೆ ಸಾಕು. ಜಿಬೋರ್ಡ್ ಅಂದರೆ ಫೋನಿನಲ್ಲಿ ಟೈಪ್ ಮಾಡುವ ಗೂಗಲ್‌ನ ಕೀಲಿಮಣೆ. ಜಿಬೋರ್ಡ್‌ನ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿಕೊಳ್ಳಿ. ಅಕ್ಷರ ಒತ್ತಿ ಬರೆಯಬಹುದು, ಬೆರಳಿನಿಂದ ಗೀಚಬಹುದು, ಬಾಯಲ್ಲಿ ಹೇಳಿಯೂ ಬರೆಸಬಹುದು. ಕಂಪ್ಯೂಟರ್ ಇದ್ದವರಿಗೆ ವಿಂಡೋಸ್‌ನಲ್ಲೇ ಕನ್ನಡ ಕೀಲಿಮಣೆ ಇದೆ.

ತೊಂದರೆ ಬರುವುದು ಡಿಟಿಪಿ ಅಂಗಡಿಯಲ್ಲಿ. ನಮ್ಮ ಕಡೆ ಈಗಲೂ ಎಷ್ಟೋ ಅಂಗಡಿಗಳಲ್ಲಿ ಹಳೇ ನುಡಿ ಫಾಂಟ್‌ನಲ್ಲೇ ಟೈಪ್ ಮಾಡಿಕೊಡುತ್ತಾರೆ. ಆ ಫೈಲನ್ನು ಸಂಪಾದಕರಿಗೆ ಮೇಲ್ ಮಾಡಿದರೆ, ಅವರ ಕಡೆ ಆ ಫಾಂಟ್ ಇಲ್ಲದಿದ್ದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಯುನಿಕೋಡ್‌ನಲ್ಲಿ ಬರೆದದ್ದು ಎಲ್ಲಿ ತೆರೆದರೂ ಕನ್ನಡವಾಗಿಯೇ ಇರುತ್ತದೆ. ಹಳೇ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಮಾಡಿದ ಫೈಲುಗಳಿದ್ದರೆ ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಿ. ಅಲ್ಲೇ ಜಾಸ್ತಿ ತಪ್ಪಾಗುವುದು.

ಇನ್ನೊಂದು ಮಾತು ನಮ್ಮ ಭಾಗದವರಿಗೇ. ಬಾಯಲ್ಲಿ ಹೇಳಿ ಬರೆಸುವಾಗ ಫೋನ್ ನಮ್ಮ ಮಾತನ್ನು ತನಗೆ ಗೊತ್ತಿರುವ ಕನ್ನಡಕ್ಕೆ ಎಳೆದುಕೊಂಡು ಹೋಗುತ್ತದೆ. ನಾನು "ಜ್ವಾಳ" ಅಂದರೆ ಅದು "ಜೋಳ" ಅಂತ ಬರೆಯಿತು. "ಹೊಲದಾಗ" ಅಂದದ್ದು "ಹೊಲದ ಆಗ" ಆಯಿತು. ಪಾತ್ರದ ಮಾತುಗಳನ್ನು ಕೈಯಲ್ಲೇ ಟೈಪ್ ಮಾಡಿ. ಪದೇ ಪದೇ ಬರುವ ಮಾತುಗಳನ್ನು ಜಿಬೋರ್ಡ್‌ನ ವೈಯಕ್ತಿಕ ನಿಘಂಟಿಗೆ ಸೇರಿಸಿಟ್ಟುಕೊಳ್ಳಿ.

ಬರೆದದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ಗೂಗಲ್ ಡಾಕ್ಸ್‌ನಲ್ಲಿ ಇಡಿ. ಫೋನ್ ಕೆರೆಗೆ ಬಿದ್ದರೂ ಕಥೆ ಉಳಿಯುತ್ತದೆ, ಯಾವ ದಿನ ಏನು ತಿದ್ದಿದಿರಿ ಅನ್ನೋದೂ ಅಲ್ಲಿ ದಾಖಲಾಗಿರುತ್ತದೆ. ಅದು ಮುಂದೆ ಉಪಯೋಗಕ್ಕೆ ಬರುತ್ತದೆ, ಹೇಳುತ್ತೇನೆ.

ಹೆಜ್ಜೆ 2: ಪದಗಳ ಸಹವಾಸ ಮಾಡಿ

ಈ ಹೆಜ್ಜೆಯನ್ನು ಎಲ್ಲರೂ ಹಾರಿಬಿಡುತ್ತಾರೆ. ದಯವಿಟ್ಟು ಹಾರಬೇಡಿ.

ಮೊದಲನೆಯದು ಅಲರ್. ಇದು ಕನ್ನಡ–ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷಕ್ಕೂ ಜಾಸ್ತಿ ಪದಗಳಿವೆ. ವಿ. ಕೃಷ್ಣ ಅವರು ಒಬ್ಬರೇ ದಶಕಗಳ ಕಾಲ ಕೂತು ಕಟ್ಟಿದ ಕೆಲಸ. 2019ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟರು. ಎರಡನೆಯದು ಭಾರತವಾಣಿ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ನಡೆಸುವ ತಾಣ. ಅಲ್ಲಿ ಹಲವು ನಿಘಂಟುಗಳನ್ನು ಒಟ್ಟಿಗೆ ಹುಡುಕಬಹುದು. ಇಂಟರ್ನೆಟ್ ಆರ್ಕೈವ್‌ನಲ್ಲಿ 1894ರ ಕಿಟೆಲ್ ನಿಘಂಟಿನ ಸ್ಕ್ಯಾನ್ ಪ್ರತಿ ಇದೆ. ಹಳೇ ಪದ ಬಂದಾಗ ನಾನು ಅದನ್ನೇ ತೆಗೆಯುತ್ತೇನೆ. ಕರ್ನಾಟಕ ಸರ್ಕಾರದ ಕಣಜ ತಾಣದಲ್ಲಿ ಇತಿಹಾಸ, ಕೃಷಿ, ಜಾನಪದ ಎಲ್ಲದರ ಮೇಲೆ ಓದಲು ಸಾಮಗ್ರಿ ಇದೆ. ಹೊಸ ಪುಸ್ತಕ ಓದಬೇಕು, ಅಂಗಡಿ ದೂರ ಅನ್ನುವವರಿಗೆ ಮೈಲ್ಯಾಂಗ್‌ನಲ್ಲಿ ಕನ್ನಡದ ಇ-ಪುಸ್ತಕ ಮತ್ತು ಕೇಳು ಪುಸ್ತಕ ಸಿಗುತ್ತವೆ.

ನನಗೆ ಇದೆಲ್ಲಕ್ಕಿಂತ ಹತ್ತಿರವಾದದ್ದು ವಚನ ಸಂಚಯ. ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನಕಾರರ ಯಾವ ವಚನದಲ್ಲಿ ಬಂದಿದೆ ಅಂತ ತೋರಿಸುತ್ತದೆ. ಕೂಡಲಸಂಗಮ ನಮ್ಮ ಜಿಲ್ಲೆಯಲ್ಲೇ ಇದೆ, ಆದರೂ ಎಷ್ಟು ಜನ ಈ ತಾಣ ತೆರೆದು ನೋಡಿದ್ದೇವೆ? "ಬಿತ್ತು" ಅಂತ ಕೊಟ್ಟು ನೋಡಿ. ಇದೇ ಒಂದು ಮಾತನ್ನು ಬೇರೆ ಬೇರೆ ಶರಣರು ಹೇಗೆ ಹೇಗೆ ತಿರುಗಿಸಿದ್ದಾರೆ ಅಂತ ಓದುತ್ತಾ ಹೋದರೆ ಒಂದು ಸಂಜೆ ಕಳೆದದ್ದೇ ಗೊತ್ತಾಗುವುದಿಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು ವಚನಗಳ ತಾಳೆಗರಿ ಕೂಡಿಸಿದರು. ಅಚ್ಚು ಹಾಕಿಸಲು ಮನೆ ಮಾರಿ 1925ರಲ್ಲಿ ಸ್ವಂತ ಮುದ್ರಣಾಲಯವನ್ನೇ ಇಟ್ಟರು. ಆ ದುಡಿಮೆಯ ಫಲ ಈಗ ನಮ್ಮ ಜೇಬಿನ ಫೋನಿನಲ್ಲಿದೆ.

ಆದರೆ ಯಾವ ನಿಘಂಟಿನಲ್ಲೂ ಇಲ್ಲದ ಪದ ನಿಮ್ಮ ಮನೆಯಲ್ಲಿರುತ್ತದೆ. ಆ ಹುಡುಗಿಯ ಅಜ್ಜಿ ಸೀರೆ ಮಗ್ಗದಲ್ಲಿ ಕೂತವರು. ಇಳಕಲ್ ಸೀರೆಯಲ್ಲಿ ಒಡಲಿನ ನೂಲಿಗೂ ಸೆರಗಿನ ರೇಷ್ಮೆಗೂ ಕುಣಿಕೆ ಹಾಕಿ ಒಂದೊಂದೇ ಎಳೆ ಸೇರಿಸುತ್ತಾರಲ್ಲ, ಅದಕ್ಕೆ ಕೊಂಡಿ ಅನ್ನುತ್ತಾರೆ. ನಿಘಂಟಿನಲ್ಲಿ ಕೊಂಡಿ ಅಂದರೆ ಬಾಗಿಲ ಕೊಂಡಿ, ಚೇಳಿನ ಕೊಂಡಿ. ನೇಕಾರರ ಕೊಂಡಿಯನ್ನು ಕಂಡವರೇ ಬರೆಯಬೇಕು. ಇಂಥ ಪದಗಳಿಗೆ ಒಂದು ನೋಟ್‌ಬುಕ್ ಇಡಿ. ಎರೆ ಹೊಲ, ಮಡ್ಡಿ, ಕಣಿಕೆ, ಕೂರಿಗೆ ಅಂತ ಬರೆಯುತ್ತಾ ಹೋಗಿ. ಪಕ್ಕದಲ್ಲಿ ಅರ್ಥ ಬೇಡ. ಯಾರ ಬಾಯಲ್ಲಿ, ಯಾವ ಮಾತಿನ ನಡುವೆ ಕೇಳಿದಿರೋ ಅದನ್ನು ಬರೆಯಿರಿ.

ಹೆಜ್ಜೆ 3: ವಿಕಿಪೀಡಿಯದಲ್ಲಿ ಕೈ ಪಳಗಿಸಿ

ಕನ್ನಡ ವಿಕಿಪೀಡಿಯ 2003ರಿಂದ ಇದೆ. ಖಾತೆ ತೆರೆಯಲು ದುಡ್ಡು ಬೇಡ, ಯಾರ ಪರವಾನಗಿಯೂ ಬೇಡ. ಕಥೆಗಾರರಿಗೆ ಅದೇಕೆ ಅಂತ ಕೇಳಬಹುದು. ಅಲ್ಲಿ "ಅತ್ಯಂತ ಸುಂದರವಾದ", "ಜಗತ್ಪ್ರಸಿದ್ಧ" ಅಂತ ಬರೆದರೆ ಬೇರೆ ಸಂಪಾದಕರು ತೆಗೆದುಹಾಕುತ್ತಾರೆ. ಹೇಳಿದ ಮಾತಿಗೆ ಆಧಾರ ಕೇಳುತ್ತಾರೆ. ನಾಲ್ಕು ಸಲ ಹಾಗಾದರೆ ಕೈ ತಾನಾಗಿಯೇ ವಿಶೇಷಣ ಬಿಡುತ್ತದೆ. ಐಹೊಳೆ, ಪಟ್ಟದಕಲ್ಲಿನಂಥ ದೊಡ್ಡ ಹೆಸರು ಬಿಟ್ಟು, ಪುಸ್ತಕದಲ್ಲೋ ಪತ್ರಿಕೆಯಲ್ಲೋ ದಾಖಲೆ ಇರುವ ನಿಮ್ಮ ಸುತ್ತಿನ ಒಂದು ವಿಷಯ ಆರಿಸಿಕೊಳ್ಳಿ. ಮೊದಲು ಇರುವ ಲೇಖನದ ಕಾಗುಣಿತ ತಿದ್ದಿ, ಆಮೇಲೆ ಒಂದು ಪ್ಯಾರಾ ಸೇರಿಸಿ. ನಿಮ್ಮ ಬಗ್ಗೆ ನೀವೇ ಬರೆದುಕೊಳ್ಳಬೇಡಿ, ಅಷ್ಟೆ.

ಹೆಜ್ಜೆ 4: ಐದು ಜನ ಓದುಗರನ್ನು ಹುಡುಕಿ

ಇಡೀ ಮಾರ್ಗದರ್ಶಿಯಲ್ಲಿ ಇದೊಂದನ್ನೇ ನೆನಪಿಟ್ಟುಕೊಂಡರೂ ನನಗೆ ಸಂತೋಷ.

ವಿಜಯಪುರ ಜಿಲ್ಲೆಯ ಹಲಸಂಗಿ ಒಂದು ಸಣ್ಣ ಹಳ್ಳಿ. ಸುಮಾರು ನೂರು ವರ್ಷದ ಹಿಂದೆ ಅಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಒಟ್ಟುಗೂಡಿದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿದರು. ಹೆಣ್ಣುಮಕ್ಕಳು ಬೀಸುವಾಗ ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು ಅಚ್ಚಿಗೆ ತಂದರು. ಹಲಸಂಗಿ ಗೆಳೆಯರು ಅಂತಲೇ ಕನ್ನಡದಲ್ಲಿ ಹೆಸರು ಉಳಿಯಿತು. ಅವರ ಹತ್ತಿರ ಇದ್ದದ್ದು ಒಬ್ಬರನ್ನೊಬ್ಬರು ನಿಜವಾಗಿ ಓದುವ ಅಭ್ಯಾಸ. ಸಾವಿರ ಜನರ ಫೇಸ್‌ಬುಕ್ ಗುಂಪಿನಲ್ಲಿ ಸಿಗದೇ ಇರುವುದು ಅದೇ.

ದೊಡ್ಡ ಗುಂಪುಗಳಿಗೆ ಸೇರಬೇಡಿ ಅಂತ ನಾನು ಹೇಳುತ್ತಿಲ್ಲ. ಸೇರಿ, ಆದರೆ ಅಲ್ಲಿ ನಿಮ್ಮ ಕಥೆ ಹಾಕುವ ಮೊದಲು ಎರಡು ವಾರ ಬೇರೆಯವರದನ್ನು ಓದಿ. ಯಾರು "ಚೆನ್ನಾಗಿದೆ" ಅಂತ ಹೇಳಿ ಹೋಗುತ್ತಾರೆ, ಯಾರು "ಮೂರನೇ ಪ್ಯಾರಾದಲ್ಲಿ ತಮ್ಮ ಎಲ್ಲಿ ಹೋದ?" ಅಂತ ಕೇಳುತ್ತಾರೆ ಗಮನಿಸಿ. ಎರಡನೆಯವರು ಬೇಕು ನಿಮಗೆ. ಅವರ ಬರಹಕ್ಕೆ ನೀವು ಮೊದಲು ಅಂಥದೇ ಗಮನ ಕೊಟ್ಟು ಪ್ರತಿಕ್ರಿಯೆ ಬರೆಯಿರಿ. ಆಮೇಲೆ ಕೇಳಿ: "ನನ್ನದೊಂದು ಕಥೆ ಇದೆ, ಓದುತ್ತೀರಾ?" ಕಾಲೇಜಿನಲ್ಲಿ, ಕನ್ನಡ ಸಾಹಿತ್ಯ ಪರಿಷತ್ತಿನ ತಾಲೂಕು ಕಾರ್ಯಕ್ರಮಗಳಲ್ಲಿ, ಗ್ರಂಥಾಲಯದಲ್ಲಿಯೂ ಇಂಥವರು ಸಿಗುತ್ತಾರೆ. ನಾಲ್ಕೈದು ಜನರಾದ ಕೂಡಲೇ ಒಂದು ಖಾಸಗಿ ವಾಟ್ಸ್‌ಆ್ಯಪ್ ಗುಂಪು ಮಾಡಿ.

ನಮ್ಮ ಗುಂಪಿನಲ್ಲಿ ಐದು ಜನ. ಬಾಗಲಕೋಟೆಯಿಂದ ನಾನು, ಜಮಖಂಡಿಯಿಂದ ಒಬ್ಬರು ನರ್ಸ್, ಗೋಕಾಕದ ಒಬ್ಬ ಬ್ಯಾಂಕ್ ಗುಮಾಸ್ತ, ವಿಜಯಪುರದ ಇಬ್ಬರು. ನಿಯಮ ಸ್ವಲ್ಪವೇ. ತಿಂಗಳಿಗೆ ಒಬ್ಬರದು ಒಂದೇ ಬರಹ, ಎರಡು ಸಾವಿರ ಪದದೊಳಗೆ. ಓದಿದವರು ಮೂರು ಮಾತು ಹೇಳಬೇಕು: ಎಲ್ಲಿ ಕಣ್ಣಿಗೆ ಕಟ್ಟಿತು, ಎಲ್ಲಿ ಓದು ತಡೆಯಿತು, ಏನು ತಿಳಿಯಲಿಲ್ಲ. ಬರೆದವರು ಎಲ್ಲರೂ ಹೇಳಿ ಮುಗಿಸುವ ತನಕ ಸಮರ್ಥನೆಗೆ ಇಳಿಯಬಾರದು. ಶುಭೋದಯ, ಫಾರ್ವರ್ಡ್, ರಾಜಕೀಯ ಯಾವುದೂ ಇಲ್ಲ. ಗುಂಪಿನ ಬರಹ ಹೊರಗೆ ಹೋಗುವಂತಿಲ್ಲ.

ಇದರಿಂದ ಏನಾಗುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಹುಡುಗಿಯ ಒಪ್ಪಿಗೆ ತಗೊಂಡು ಅವಳ ಕಥೆಯನ್ನು ಗುಂಪಿಗೆ ಹಾಕಿದ್ದೆ. ಅದರ ಮೊದಲ ಸಾಲುಗಳು ಹೀಗಿದ್ದವು:

"ಸಂಜೆಯ ಸಮಯ. ಸೂರ್ಯನು ಪಶ್ಚಿಮದಲ್ಲಿ ಮುಳುಗುತ್ತಿದ್ದನು. ವಾತಾವರಣವು ಬಹಳ ಸುಂದರವಾಗಿತ್ತು. ಆದರೆ ಅವ್ವನ ಮನಸ್ಸಿನಲ್ಲಿ ದುಃಖ ತುಂಬಿತ್ತು."

ಜಮಖಂಡಿಯ ನರ್ಸ್ ಒಂದೇ ಪ್ರಶ್ನೆ ಕೇಳಿದರು: "ಆ ಹೊತ್ತಿನ್ಯಾಗ ಅವ್ವ ಏನ್ ಮಾಡಾಕತ್ತಿದ್ಲು?" ಹುಡುಗಿ ಎರಡು ದಿನ ಬಿಟ್ಟು ತಿದ್ದಿ ಕಳಿಸಿದಳು:

"ಅವ್ವ ಅಂಗಳದಾಗ ಕುಂತು ಜ್ವಾಳ ಹಸನು ಮಾಡಾಕತ್ತಿದ್ಲು. ಮರದಾಗಿನ ಹಳ್ಳು ಕಾಣದಷ್ಟು ಕತ್ತಲಾದರೂ ಆಕಿ ಎದ್ದು ದೀಪ ಹಚ್ಚಲಿಲ್ಲ."

ಇಲ್ಲಿ ಮರ ಅಂದರೆ ಕಾಳು ಕೇರುವ ಮೊರ, ಹಳ್ಳು ಅಂದರೆ ಸಣ್ಣ ಕಲ್ಲು. ಸೂರ್ಯ ಹೋದ, ದುಃಖ ಅನ್ನೋ ಮಾತೂ ಹೋಯಿತು. ಆದರೆ ಕತ್ತಲೂ ಇದೆ, ದುಃಖವೂ ಇದೆ. ಇದನ್ನು ಯಾವ ಜಾಲತಾಣವೂ ಕಲಿಸಲಿಲ್ಲ, ಮನಸ್ಸಿಟ್ಟು ಓದಿದ ಒಬ್ಬರು ಕೇಳಿದ ಪ್ರಶ್ನೆ ಕಲಿಸಿತು.

ಹೆಜ್ಜೆ 5: ಪ್ರತಿಲಿಪಿಯನ್ನು ತಿಳಿದು ಬಳಸಿ

ಪ್ರತಿಲಿಪಿ 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ತಾಣ. ಯಾರು ಬೇಕಾದರೂ ಬರೆದು ಹಾಕಬಹುದು, ಸಂಪಾದಕರ ಒಪ್ಪಿಗೆ ಕಾಯಬೇಕಿಲ್ಲ. ಧಾರಾವಾಹಿಗೆ ಅಲ್ಲಿ ಓದುಗರು ಜಾಸ್ತಿ. ಕಂತು ಎಲ್ಲಿ ನಿಲ್ಲಿಸಬೇಕು, ಮುಂದಿನದಕ್ಕೆ ಕುತೂಹಲ ಹೇಗೆ ಉಳಿಸಬೇಕು, ದಿನಾ ಕೂತು ಬರೆಯುವುದು ಹೇಗೆ ಅನ್ನೋದನ್ನು ಅದು ಚೆನ್ನಾಗಿ ಕಲಿಸುತ್ತದೆ. ಆದರೆ ರೇಟಿಂಗ್ ನೋಡಿ ನಿಮ್ಮ ಬರಹದ ತೂಕ ಅಳೆಯಬೇಡಿ. ನಿಧಾನವಾಗಿ ಓದಿಸಿಕೊಳ್ಳುವ ಸಣ್ಣ ಕಥೆಗೆ ಅಲ್ಲಿ ನಕ್ಷತ್ರ ಕಮ್ಮಿ ಬೀಳಬಹುದು.

ಸ್ಪರ್ಧೆಗೆ ಅಂತ ಎತ್ತಿಟ್ಟ ಕಥೆಯನ್ನು ಮಾತ್ರ ಅಲ್ಲಿ ಹಾಕಬೇಡಿ. ಬ್ಲಾಗ್‌ಗೂ ಇದೇ ಮಾತು. ಬ್ಲಾಗರ್, ವರ್ಡ್‌ಪ್ರೆಸ್ ಎರಡೂ ಉಚಿತ. ಪ್ರಬಂಧ, ಪ್ರವಾಸದ ಬರಹ, ಓದಿದ ಪುಸ್ತಕದ ಅನಿಸಿಕೆ ಅಲ್ಲಿರಲಿ.

ಹೆಜ್ಜೆ 6: ಸಂಪಾದಕರಿರುವ ತಾಣಗಳಿಗೆ ಕಳಿಸಿ

ಕೆಂಡಸಂಪಿಗೆ, ಅವಧಿ, ಋತುಮಾನ ಈ ಮೂರೂ ಕನ್ನಡದ ಆನ್‌ಲೈನ್ ಪತ್ರಿಕೆಗಳು. ಕಥೆ, ಕವಿತೆ, ಅಂಕಣ, ಅನುವಾದ ಎಲ್ಲಾ ಬರುತ್ತವೆ. ಯಾವುದಕ್ಕೂ ಕಳಿಸುವ ಮೊದಲು ಆ ತಾಣದಲ್ಲಿ ಇತ್ತೀಚಿನ ಹತ್ತು ಬರಹ ಓದಿ. ನಿಮ್ಮ ಕಥೆ ಅವುಗಳ ಪಕ್ಕದಲ್ಲಿ ಕೂರುತ್ತದಾ ಅಂತ ನಿಮಗೇ ಗೊತ್ತಾಗುತ್ತದೆ.

ಹೊನಲು ಸ್ವಲ್ಪ ಬೇರೆ ಥರ. ಅಲ್ಲಿ ಮಹಾಪ್ರಾಣ ಅಕ್ಷರ ಬಳಸುವುದಿಲ್ಲ. "ಭಾಷೆ" ಅಲ್ಲಿ "ಬಾಶೆ" ಆಗುತ್ತದೆ, ಸಂಸ್ಕೃತದ ಪದಕ್ಕೆ ಬದಲು ಕನ್ನಡದ್ದೇ ಪದ ಹುಡುಕುತ್ತಾರೆ. ಆ ಬರವಣಿಗೆ ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ವಿಜ್ಞಾನದ ಒಂದು ಬರಹವನ್ನು ಹಾಗೆ ಬರೆದು ನೋಡಿದೆ. ಎಷ್ಟು ಸಂಸ್ಕೃತ ಪದಗಳನ್ನು ಯೋಚನೆಯಿಲ್ಲದೆ ಬಳಸುತ್ತಿದ್ದೆ ಅಂತ ಅವತ್ತು ತಿಳಿಯಿತು.

ಬುಕ್ ಬ್ರಹ್ಮದಲ್ಲಿ ಕನ್ನಡ ಪುಸ್ತಕಗಳ, ಲೇಖಕರ ಮಾಹಿತಿ ಇದೆ. ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಅವರು ನಡೆಸುವ ಕಥಾ ಸ್ಪರ್ಧೆಯ ಮೇಲೆ ಕಣ್ಣಿಡಿ.

ಮೇಲ್ ಹೇಗೆ ಬರೆಯಬೇಕು ಅಂತ ತುಂಬಾ ಜನ ಕೇಳುತ್ತಾರೆ. ನಾಲ್ಕು ಸಾಲು ಸಾಕು:

"ನಮಸ್ಕಾರ. ನಾನು ಬಾಗಲಕೋಟೆಯ ಪದವಿಪೂರ್ವ ವಿದ್ಯಾರ್ಥಿನಿ. 'ಕೊಂಡಿ' ಅನ್ನುವ ಕಥೆಯನ್ನು ಈ ಜೊತೆ ಕಳಿಸುತ್ತಿದ್ದೇನೆ, ಸುಮಾರು 1,800 ಪದಗಳು. ಇದು ಸ್ವಂತ ರಚನೆ, ಎಲ್ಲೂ ಪ್ರಕಟವಾಗಿಲ್ಲ. ಬೇರೆ ಎಲ್ಲಿಗೂ ಕಳಿಸಿಲ್ಲ."

ಕೆಳಗೆ ಹೆಸರು, ಊರು, ಫೋನ್ ನಂಬರ್. ಕಥೆ ವರ್ಡ್ ಫೈಲ್‌ನಲ್ಲಿ, ಯುನಿಕೋಡ್‌ನಲ್ಲಿ. ಕಥೆ ಏನು ಹೇಳುತ್ತದೆ ಅಂತ ಮೇಲ್‌ನಲ್ಲಿ ವಿವರಿಸಬೇಡಿ. ಒಂದೇ ಕಥೆಯನ್ನು ಒಂದೇ ಸಲ ಮೂರು ಕಡೆ ಕಳಿಸಬೇಡಿ. ಎರಡು ಕಡೆ ಒಟ್ಟಿಗೆ ಬಂದರೆ ಇಬ್ಬರು ಸಂಪಾದಕರ ನಂಬಿಕೆ ಒಟ್ಟಿಗೇ ಹೋಗುತ್ತದೆ. ಎರಡು ಮೂರು ತಿಂಗಳು ಕಾದು ಒಮ್ಮೆ ಕೇಳಿ. ಆಗಲೂ ಉತ್ತರ ಇಲ್ಲದಿದ್ದರೆ "ಹಿಂತೆಗೆದುಕೊಳ್ಳುತ್ತಿದ್ದೇನೆ" ಅಂತ ಒಂದು ಸಾಲು ಬರೆದು ಬೇರೆ ಕಡೆ ಕಳಿಸಿ.

ಹೆಜ್ಜೆ 7: ಅಚ್ಚಿನ ಕಡೆ, ಬಹುಮಾನದ ಕಡೆ

ಮಯೂರ, ಸುಧಾ, ತರಂಗ, ಕಸ್ತೂರಿ, ಕರ್ಮವೀರ ಇವಕ್ಕೆಲ್ಲ ಹೊಸಬರು ಕಥೆ ಕಳಿಸಬಹುದು. ಪ್ರಜಾವಾಣಿಯ ದೀಪಾವಳಿ ಕಥಾ ಸ್ಪರ್ಧೆ ದಶಕಗಳಿಂದ ನಡೆದು ಬಂದಿದೆ. ಪ್ರಕಟಣೆ ಬಂದ ದಿನವೇ ನಿಯಮ ಓದಿ. ಪದಮಿತಿ, ಕೊನೆಯ ದಿನ, "ಅಪ್ರಕಟಿತ" ಅನ್ನುವ ಮಾತು, ಈ ಮೂರಕ್ಕೆ ಗೆರೆ ಹಾಕಿ. ನನ್ನ ಕಥೆ ಬಿದ್ದದ್ದು ಮೂರನೆಯದರಲ್ಲಿ.

ಪುಸ್ತಕವೇ ಆಗುವಷ್ಟು ಕಥೆಗಳಾದರೆ ಛಂದ ಪುಸ್ತಕ ಪ್ರಕಾಶನದವರ ಹಸ್ತಪ್ರತಿ ಸ್ಪರ್ಧೆ ಇದೆ. ಮೊದಲ ಕಥಾ ಸಂಕಲನ ತರುವವರಿಗೇ ಮೀಸಲು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಅರ್ಜಿ ಕರೆದಾಗ ಅವರ ತಾಣದಲ್ಲೇ ವಿವರ ಬರುತ್ತದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ 35 ವರ್ಷದೊಳಗಿನವರ ಪ್ರಕಟಿತ ಪುಸ್ತಕಕ್ಕೆ.

ಹೆಜ್ಜೆ 8: ಹಕ್ಕು ಮತ್ತು ದುಡ್ಡು

ಪದವಿ ಓದುತ್ತಿದ್ದಾಗ ನನ್ನ ಗೆಳೆಯನೊಬ್ಬ ಒಂದು ಕವನ ಸಂಕಲನಕ್ಕೆ ದುಡ್ಡು ಕಟ್ಟಿದ. ಕವನಕ್ಕೆ ಇಷ್ಟು, ಪ್ರಮಾಣಪತ್ರಕ್ಕೆ ಇಷ್ಟು, ಹಾರಕ್ಕೆ ಇಷ್ಟು. ಹಾಸ್ಟೆಲ್ ಮೆಸ್ಸಿಗೆ ಅಂತ ಮನೆಯಿಂದ ಕಳಿಸಿದ ದುಡ್ಡು ಅದು. ಪುಸ್ತಕ ಬಂತು, ಅವನ ಹೆಸರೇ ತಪ್ಪಾಗಿ ಅಚ್ಚಾಗಿತ್ತು. ಅವನು ಆಮೇಲೆ ಬರೆಯಲೇ ಇಲ್ಲ. ಒಳ್ಳೆಯ ಪತ್ರಿಕೆ, ಒಳ್ಳೆಯ ತಾಣ ನಿಮ್ಮ ಕವಿತೆ ಹಾಕಲು ನಿಮ್ಮಿಂದಲೇ ದುಡ್ಡು ಕೇಳುವುದಿಲ್ಲ. ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಕೊಡಿಸುತ್ತೇವೆ ಅಂತ ಸಾವಿರಾರು ರೂಪಾಯಿ ಕೇಳುವವರಿದ್ದಾರೆ. ಭಾರತದಲ್ಲಿ ಅದು ಉಚಿತ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯ ತಾಣದಲ್ಲಿ ಲೇಖಕರೇ ನೇರವಾಗಿ ಅರ್ಜಿ ಹಾಕಬಹುದು.

ಕೃತಿಸ್ವಾಮ್ಯ ಕಾಯ್ದೆ 1957ರದು. ಬರೆದ ಕ್ಷಣದಿಂದ ಹಕ್ಕು ನಿಮ್ಮದೇ, ನೋಂದಣಿ ಕಡ್ಡಾಯವಿಲ್ಲ. ಬರೆದವರು ಇರುವಷ್ಟು ಕಾಲ ಮತ್ತು ಆಮೇಲೆ 60 ವರ್ಷ ಅದು ಇರುತ್ತದೆ. ಯಾರಾದರೂ ಕದ್ದರೆ ಗೂಗಲ್ ಡಾಕ್ಸ್‌ನ ತಿದ್ದುಪಡಿ ದಾಖಲೆ, ನಿಮಗೆ ನೀವೇ ಕಳಿಸಿಕೊಂಡ ಮೇಲ್‌ನ ತಾರೀಕು ನಿಮ್ಮ ಪರ ನಿಲ್ಲುತ್ತವೆ. ಪ್ರಕಾಶಕರಿಗೆ ಹಕ್ಕು ಬರೆದುಕೊಡುವಾಗ ಎಷ್ಟು ವರ್ಷಕ್ಕೆ ಅಂತ ಕೇಳಿ. ಒಪ್ಪಂದದಲ್ಲಿ ಅವಧಿ ಬರೆದಿಲ್ಲದಿದ್ದರೆ ಕಾನೂನು ಅದನ್ನು 5 ವರ್ಷ ಅಂತ ತಗೊಳ್ಳುತ್ತದೆ. "ಶಾಶ್ವತವಾಗಿ", "ಎಲ್ಲಾ ಹಕ್ಕುಗಳು" ಅನ್ನುವ ಮಾತು ಕಂಡರೆ ಸಹಿ ಹಾಕುವ ಮೊದಲು ತಿಳಿದವರಿಗೆ ತೋರಿಸಿ. ಇ-ಪುಸ್ತಕ, ಆಡಿಯೋ, ಅನುವಾದ, ಸಿನಿಮಾ ಹಕ್ಕುಗಳನ್ನು ಬೇರೆ ಬೇರೆಯಾಗಿಯೇ ಮಾತಾಡಿ.

ಆ ಹುಡುಗಿಯ ಕಥೆ ನಮ್ಮ ಗುಂಪಿನಲ್ಲಿ ಮೂರು ಸಲ ತಿದ್ದಿಸಿಕೊಂಡು ಹೋದ ತಿಂಗಳು ಒಂದು ಪತ್ರಿಕೆಗೆ ಹೋಯಿತು. ಮೇಲ್ ಅನ್ನು ಅವಳೇ ಕಳಿಸಿದಳು, ನಾನು ಪಕ್ಕದಲ್ಲಿ ನಿಂತಿದ್ದೆ. ಉತ್ತರ ಇನ್ನೂ ಬಂದಿಲ್ಲ. ಮೊನ್ನೆ ರಾತ್ರಿ ಗುಂಪಿಗೆ ಅವಳ ಎರಡನೇ ಕಥೆಯ ಮೊದಲ ಪ್ಯಾರಾ ಬಂತು. ಅಜ್ಜಿಯ ಕಣ್ಣು ಮಂಜಾಗಿದೆ, ಆದರೂ ಬೆರಳಿನಿಂದಲೇ ಮುಟ್ಟಿ ನೋಡಿ ಕೊಂಡಿ ಹಾಕುತ್ತಾಳೆ. ಗೋಕಾಕದ ಗುಮಾಸ್ತರು ಕೇಳಿದ್ದಾರೆ: "ಎಳಿ ತಪ್ಪಿದ್ದು ಅಜ್ಜಿಗೆ ಹ್ಯಾಂಗ ಗೊತ್ತಾಗ್ತೈತಿ?" ಅವಳು ಇನ್ನೂ ಉತ್ತರ ಬರೆದಿಲ್ಲ. ಈ ಭಾನುವಾರ ಊರಿಗೆ ಹೋಗಿ ಅಜ್ಜಿಯನ್ನೇ ಕೇಳಿಕೊಂಡು ಬರುತ್ತಾಳಂತೆ.